ಯಾವ ಛತ್ರ?

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಮೂಕಪ್ರಾಣಿ ಬಳಗದ ರಿಜಿಸ್ಟರಿನ ಮೂರನೆಯ ಕಾಲಮ್ಮಿನ ಅಗಲಕ್ಕೆ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕು. ಕಾಲಮ್ಮಿನ ಹೆಸರು 'ಹಿಡಿದ ಸ್ಥಳ'. ಅಗಲ ಎರಡು ಬೆರಳು. ಅದರಲ್ಲಿ ಒಂದು ಪದಕ್ಕಿಂತ ಹೆಚ್ಚು ಬರೆಯಕೂಡದೆಂದು ನಿಯಮ ಮಾಡಿದವರು ಬಳಗದ ಅಧ್ಯಕ್ಷರೂ ನಿವೃತ್ತ ಕನ್ನಡ ಪಂಡಿತರೂ ಆದ ಚಂದ್ರಶೇಖರ ಮೇಷ್ಟ್ರು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಮಕ್ಕಳಿಗೆ ಸಂಕ್ಷೇಪ ಲೇಖನ ಕಲಿಸಿದವರು. ನಾಯಿಗಳ ವಿಷಯಕ್ಕೆ ಬಂದಾಗ ಅದನ್ನು ಕೈಬಿಡಲು ಅವರಿಗೆ ಕಾರಣವೇನೂ ಕಾಣಲಿಲ್ಲ.

ಬಳಗದ ಕೆಲಸ ಸರಳ. ಸಂಬಳವಿಲ್ಲದ ಏಳೆಂಟು ಜನ ಸೇರಿ ಬೀದಿನಾಯಿಗಳನ್ನು ಹಿಡಿದು ನಂಜನಗೂಡಿನ ಶೆಡ್ಡಿಗೆ ತರುವುದು, ಮರಿ ಹಾಕದಂತೆ ಆಪರೇಷನ್ ಮಾಡಿಸುವುದು, ಗುರುತಿಗೆ ಎಡಗಿವಿಯ ತುದಿ ಕತ್ತರಿಸಿ ಹಿಡಿದ ಜಾಗದಲ್ಲೇ ಬಿಡುವುದು. 'ನಾಯಿಯನ್ನು ಪರವೂರಿಗೆ ಸಾಗಿಸುವುದು ಕ್ರೌರ್ಯ' ಎಂಬ ಮೇಷ್ಟ್ರ ಸ್ವಂತ ವಾಕ್ಯ ಊರೂರಿನ ಬಸ್ ಸ್ಟಾಪಿನಲ್ಲಿ ಬೋರ್ಡಾಗಿ ನಿಂತಿತ್ತು.

ಗುರುವಾರ ಬೆಳಿಗ್ಗೆ ಫೋನು ಬಂತು.

"ಸಾ, ಮೂಗೂರಿಂದ ಕೆಂಪಾಜಮ್ಮ ಕಣ್ ಸಾ. ನಮ್ ಕೆಂದ ಎಲ್ಲಿ?"

ಕೆಂಪಾಜಮ್ಮ ಮೂಗೂರಿನಲ್ಲಿ ಮದುವೆ ಛತ್ರದ ಪಾತ್ರೆ ತೊಳೆಯುವಾಕೆ. ಅಲ್ಲೇ ಬಿದ್ದುಕೊಂಡಿರುವ ಕಂದು ನಾಯಿ ಆಕೆಯ ಕೆಂದ. ಊರಿನ ನಾಯಿಗಳನ್ನೆಲ್ಲ ಟೆಂಪೋಗೆ ತುಂಬಿ ಹೊಳೆಯಾಚೆ ಬಿಟ್ಟು ಬರೋಣವೆಂದು ಮೂಗೂರಿನ ಗಂಡಸರು ಹೊರಟಾಗ, ಬಳಗದ ಮಾತು ನಂಬಿ ತನ್ನ ನಾಯಿಯನ್ನು ಮೊದಲು ಕೊಟ್ಟವಳು ಆಕೆ. ಆಕೆಯ ಮಾತಿನ ಮೇಲೆ ಸೋಮವಾರ ಇಪ್ಪತ್ತಮೂರು ನಾಯಿಗಳನ್ನು ಕೊಡಲು ಊರು ಒಪ್ಪಿತ್ತು. ಈ ಒಂದು ನಾಯಿ ಮರಳದಿದ್ದರೆ ಆ ಇಪ್ಪತ್ತಮೂರಕ್ಕೂ ಟೆಂಪೋನೇ ಗತಿ.

"ಮಂಗಳವಾರವೇ ಬಿಟ್ಟಾಯ್ತಲ್ಲಮ್ಮ, ಛತ್ರದಲ್ಲೇ."

"ಬುಟ್ಟಿದ್ರೆ ನನ್ ಕಣ್ಗೆ ಬೀಳ್ತಿರ್ನಿಲ್ವಾ ಸಾ? ಮಂಗ್ಳಾರದಿಂದ ಛತ್ರದ್ ಮೆಟ್ಲ್ ಮೇಲೇ ಕುಂತಿವ್ನಿ."

ಮೇಷ್ಟ್ರು ರಿಜಿಸ್ಟರು ತೆಗೆದರು. ಕಂದು, ಗಂಡು, ಛತ್ರ. ನಾಯಿ ತಂದ ದಿನ ಊರಲ್ಲಿಲ್ಲದೆ, ಬಿಡುವ ದಿನ ಮಾತ್ರ ವ್ಯಾನು ಓಡಿಸಿದ್ದ ನಟರಾಜನಿಗೆ ಫೋನು ಮಾಡಿದರು.

"ಛತ್ರಕ್ ಬಿಡು ಅಂದ್ರಿ, ಬಿಟ್ಟೆ ಸಾ. ಬಸ್ ಸ್ಟಾಪ್ ತಾವ."

"ಯಾವ ಛತ್ರ?"

"ಯಾವ್ದು ಅಂದ್ರೆ? ಎಷ್ಟ್ ಛತ್ರ ಇದಾವೆ ಸಾ? ಚಿಕ್ಕಯ್ಯನಛತ್ರ."

ನಂಜನಗೂಡಿನವರ ಬಾಯಲ್ಲಿ ಚಿಕ್ಕಯ್ಯನಛತ್ರ ಎಂಬ ಊರು ಬರೀ ಛತ್ರ. ಮೂಗೂರಿನವರಿಗೆ ಛತ್ರವೆಂದರೆ ಮದುವೆ ನಡೆಯುವ ಕಟ್ಟಡ. ಎರಡೂ ಶುದ್ಧ ಕನ್ನಡವೇ. ತೊಂದರೆಯಾದದ್ದೂ ಅದರಿಂದಲೇ. ಮೇಷ್ಟ್ರು ಕೂತರು, ಎದ್ದರು, ಚಪ್ಪಲಿ ಮೆಟ್ಟಿದರು, ಮತ್ತೆ ಒಳಗೆ ಬಂದು ಬಳಗದ ಕಾರ್ಯದರ್ಶಿ ವನಿತಾಗೆ ಫೋನು ಹಚ್ಚಿದರು. ರಿಜಿಸ್ಟರಿನಲ್ಲಿದ್ದದ್ದು ಆಕೆಯ ಅಕ್ಷರ.

"ಮೂಗೂರು ಅಂತ ಒಂದ್ ಮಾತು ಸೇರಿಸಬಾರದಿತ್ತೇನಮ್ಮ?"

"ಹೋದ್ ತಿಂಗಳು ಸೇರಿಸಿದ್ದೆ ಸಾರ್. ಪುನರುಕ್ತಿ ಅಂತ ಕೆಂಪು ಇಂಕಲ್ಲಿ ಹೊಡೆದು ಹಾಕಿದ್ರಿ."

ಮೇಷ್ಟ್ರು ಈ ಬಾರಿ ಚಪ್ಪಲಿ ಮೆಟ್ಟಿ ನೇರ ವ್ಯಾನು ಹತ್ತಿದರು.

ಚಿಕ್ಕಯ್ಯನಛತ್ರದಲ್ಲಿ ಟೀ ಅಂಗಡಿಯ ಚಿಕ್ಕಸ್ವಾಮಿ ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಕಿವಿ ಕುಯ್ದಿರೋ ನಾಯಾ? ಓ, ಅದ್ನ ಇಲ್ ಎಸ್ದೋದವ್ರು ನೀವೇಯಾ? ಬೋರ್ಡ್ ನೆಟ್ಟೋರೂ ನೀವೇ ಅಲ್ವಾ?"

ಮೇಷ್ಟ್ರು ಟೀ ಬೇಡವೆಂದರು.

ಊರಿನ ನಾಯಿಗಳು ಕೆಂದನನ್ನು ಎರಡು ದಿನದಿಂದ ಅಟ್ಟಾಡಿಸಿ ಇಟ್ಟಿಗೆ ಗೂಡಿನ ಹಿಂದಕ್ಕೆ ತಳ್ಳಿದ್ದವು. ಅಲ್ಲಿ ಅದು ಇತ್ತು, ಒಂದು ಕಾಲನ್ನು ಎತ್ತಿಕೊಂಡೇ. ನಟರಾಜ ಬಲೆ ಬಿಚ್ಚಿದ ಸದ್ದಿಗೇ ಕಬ್ಬಿನ ಗದ್ದೆಗೆ ನುಗ್ಗಿತು. ಮೇಷ್ಟ್ರು ಬದುವಿನ ಮೇಲೆ ನಿಂತು ಬಿಸ್ಕತ್ತು ಚಾಚಿದರು.

"ಕೆಂದಾ, ಬಾರಪ್ಪಾ, ಭಯಪಡಬೇಡ."

"ಬೀಗ್ರುನ್ನ ಊಟಕ್ ಕರ್ದಂಗೆ ಕರೀತಿದ್ದೀರಲ್ಲ ಸಾ," ಎಂದ ಹಿಂದೆಯೇ ಬಂದಿದ್ದ ಚಿಕ್ಕಸ್ವಾಮಿ.

ಹನ್ನೆರಡಾಯಿತು. ಒಂದಾಯಿತು. ಮೇಷ್ಟ್ರು ಬದುವಿನ ಈ ತುದಿಯಿಂದ ಆ ತುದಿಗೆ ನಡೆದರು, ಫೋನು ತೆಗೆದರು, ಜೇಬಿಗೆ ಹಾಕಿದರು. ಕೊನೆಗೆ ಕೆಂಪಾಜಮ್ಮನಿಗೆ ನಿಜ ಹೇಳಿದರು. ಸಂಕ್ಷೇಪವಾಗಿ ಹೇಳಲು ಬರಲಿಲ್ಲ. ಆಕೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅಲ್ಲೇ ಇರಿ. ಅದ್ನ ಓಡುಸ್ಬ್ಯಾಡಿ."

ವನಿತಾಳ ಸ್ಕೂಟರಿನ ಹಿಂದೆ ಕೂತು ಕೆಂಪಾಜಮ್ಮ ಬಂದಾಗ ಮೂರು ದಾಟಿತ್ತು. ಮಡಿಲಲ್ಲಿ ಛತ್ರದ ಅನ್ನದ ತಪ್ಪಲೆಯ ಮುಚ್ಚಳ, ಕೈಯಲ್ಲಿ ಸೌಟು. ಮೇಷ್ಟ್ರ ಮುಖ ನೋಡದೆ ಬದುವಿಗೆ ಹೋದಳು. ಹೆಸರು ಹಿಡಿದು ಕೂಗಲಿಲ್ಲ. ಮುಚ್ಚಳವನ್ನು ನೆಲಕ್ಕಿಟ್ಟು, ಮುಸುರೆ ಬಳಿಯುವಂತೆ ಸೌಟಿನಿಂದ ಕೆರೆದಳು. ಕೇಳಿದವರ ಹಲ್ಲು ಜುಂ ಎನ್ನುವಂಥ ಸದ್ದು.

ಕಬ್ಬು ಅಲುಗಿತು. ಕೆಂದ ಕುಂಟುತ್ತ ಬಂದು ಮುಚ್ಚಳ ನೆಕ್ಕಿತು. ಅದರಲ್ಲಿ ಏನೂ ಇರಲಿಲ್ಲ.

ವ್ಯಾನಿನಲ್ಲಿ ಕೆಂಪಾಜಮ್ಮ ನಾಯಿಯನ್ನು ಕಾಲ ಬಳಿ ಮಲಗಿಸಿಕೊಂಡು ಕೂತಳು. ತಿರುಮಕೂಡಲು ಬಂದಾಗ ಮೇಷ್ಟ್ರು ಶುರು ಮಾಡಿದರು.

"ತಪ್ಪು ಪೂರ್ತಿ ನಂದೇ ಕೆಂಪಾಜಮ್ಮ. ನಾನೇ ಊರಿಗೆ ಬಂದು ಎಲ್ಲರಿಗೂ ವಿವರಿಸ್ತೀನಿ."

"ಏನಂತ? ಛತ್ರ, ಛತ್ರ ಎರ್ಡೂ ಒಂದಾಗೋದ್ವು ಅಂತಲಾ?" ಆಕೆ ನಾಯಿಯ ಕತ್ತರಿಸಿದ ಕಿವಿಯನ್ನು ಬೆರಳಿಂದ ಸವರಿದಳು. "ನೀವ್ ಯೋಳುದ್ರೆ ನಗ್ತಾರೆ ಸಾ. ನನ್ ಮಾತ್ಗೆ ಒಪ್ಕಂಡವ್ರು, ನಾನೇ ಯೋಳ್ತೀನಿ. ನಂಬೋರ್ ನಂಬ್ಲಿ."

ಸೋಮವಾರ ಮೂಗೂರಿನಿಂದ ಬರಬೇಕಿದ್ದ ಇಪ್ಪತ್ತಮೂರು ನಾಯಿಗಳಲ್ಲಿ ನಾಲ್ಕು ಬಂದವು.