ಹತ್ತೊಂಬತ್ತು ಗಂಟೆಯ ದಾರಿ

ವಿಮಾನದ ಟಿಕೆಟ್ ಮಾಡಿಕೊಡುವ ಕಚೇರಿಯಲ್ಲಿ ಹದಿನಾರು ವರ್ಷ ಕೂತವಳಿಗೆ ದೂರಗಳೆಲ್ಲ ಬಾಯಿಪಾಠ. ಎಲ್ಲಿಂದ ಎಲ್ಲಿಗೆ ಎಷ್ಟು ಕಿಲೋಮೀಟರು, ಎಲ್ಲಿ ಇಳಿದು ಹತ್ತಬೇಕು, ಎಷ್ಟು ಗಂಟೆ ಹಿಡಿಯುತ್ತದೆ, ಎಲ್ಲವನ್ನೂ ಕಂಪ್ಯೂಟರ್ ಮುಟ್ಟದೆ ಹೇಳುತ್ತಿದ್ದಳು. ಮೂರು ವರ್ಷದ ಹಿಂದೆ ಅವಳ ತಮ್ಮ, ಹಡಗು ಕಟ್ಟುವ ಕೆಲಸಕ್ಕೆ ಹೊರದೇಶಕ್ಕೆ ಹೊರಟಾಗ ಟಿಕೆಟ್ ಮಾಡಿದವಳೂ ಇವಳೇ. ಹನ್ನೆರಡು ಸಾವಿರದ ಎಂಟುನೂರು ಕಿಲೋಮೀಟರು. ನೇರ ವಿಮಾನವಿಲ್ಲ. ಏನೇ ತಿಪ್ಪರಲಾಗ ಹಾಕಿದರೂ ಹತ್ತೊಂಬತ್ತು ಗಂಟೆ.

ಆವತ್ತು ಬೆಳಗ್ಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿತ್ತು. ಎಂಟೂವರೆಗೆ ಆಸ್ಪತ್ರೆಯಿಂದಲೇ ತಮ್ಮನಿಗೆ ಫೋನು ಮಾಡಿದಳು.

“ಡಾಕ್ಟ್ರು ಏನೂ ಹೇಳೋಕಾಗಲ್ಲ ಅಂತಿದಾರೆ ಕಣೋ.”

“ಬಂದೆ ಅಕ್ಕ,” ಎಂದವನೇ ಫೋನಿಟ್ಟ.

ಸೀಟು ಸಿಕ್ಕರೂ ನಾಳೆಯೇ ಎಂದು ಲೆಕ್ಕ ಹಾಕಿ ಬೆಂಚಿನ ಮೇಲೆ ಕೂತಳು. ಮಧ್ಯಾಹ್ನ ಎರಡೂಕಾಲಿಗೆ ತಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

“ಸದ್ಯ, ಬಂದ್ಯಲ್ಲ,” ಎಂದು ಅವಳ ಗಂಡ ಅವನ ಬೆನ್ನು ತಟ್ಟಿ, ನೀರು ತರಲು ಕೆಳಗಿಳಿದ.

ಅವಳು ಮಾತ್ರ ಗೋಡೆಯ ಗಡಿಯಾರ ನೋಡಿದಳು. ಫೋನು ಮಾಡಿ ಬರೀ ಐದೂಮುಕ್ಕಾಲು ಗಂಟೆ. ತಮ್ಮನ ಹೆಗಲಲ್ಲಿ ಚೀಲವಿಲ್ಲ, ಕಾಲಲ್ಲಿ ಸವೆದ ಚಪ್ಪಲಿ. ಬಲಗೈ ಜೇಬಿನಲ್ಲಿತ್ತು.

“ಹೇಗೆ ಬಂದೆ?”

“ಬಸ್ಸಲ್ಲಿ.”

“ಎಲ್ಲಿಂದ?”

ಅವನು ಹೇಳಿದ ಊರು ಐದು ತಾಸಿನ ದಾರಿ. ಅಲ್ಲೊಂದು ಮರ ಮಾರುವ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದನಂತೆ. ಹೊರದೇಶಕ್ಕೆ ಹೋದ ಎಂಟನೇ ತಿಂಗಳಿಗೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಮೂರು ಬೆರಳು ಹೋದವು. ಕಂಪನಿ ವಾಪಸ್ ಕಳಿಸಿತು. “ಯಾವ ಮುಖ ಹೊತ್ಕೊಂಡು ಮನೆಗೆ ಬರ್ಲಿ ಅಕ್ಕ?”

ಪ್ರತಿ ಭಾನುವಾರ ಇಲ್ಲಿನ ಬೆಳಗಿನ ಹನ್ನೊಂದಕ್ಕೆ ಫೋನು ಮಾಡಿ, ‘ಇಲ್ಲಿ ನಡುರಾತ್ರಿ, ನಿದ್ದೆ ಬರ್ತಿದೆ’ ಎಂದು ಆಕಳಿಸುತ್ತಿದ್ದ. ಆ ಗಡಿಯಾರದ ಲೆಕ್ಕವನ್ನು ಅವನಿಗೆ ಹೇಳಿಕೊಟ್ಟಿದ್ದೇ ಅವಳು. ಎರಡು ವರ್ಷ ಅದನ್ನೇ ಅವಳ ಮೇಲೆ ಪ್ರಯೋಗಿಸಿದ್ದ.

“ನಾಳೆ ಬಂದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ,” ಎಂದಳು.

“ಹೌದು. ಬಸ್ ಹತ್ತಿದ ಮೇಲೆ ಹೊಳೀತು. ಇಳಿಯೋಕೆ ಮನಸ್ಸಾಗಲಿಲ್ಲ.”

ಅವಳು ಕೆನ್ನೆಗೆ ಬಾರಿಸಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಅಷ್ಟರಲ್ಲಿ ನರ್ಸು ಬಾಗಿಲು ತೆರೆದು, “ಅವರಿಗೆ ಎಚ್ಚರ ಆಗಿದೆ. ಒಬ್ರು ಮಾತ್ರ ಬನ್ನಿ,” ಎಂದಳು.

“ನೀನು ಹೋಗು,” ಎಂದಳು ಅಕ್ಕ.

ಒಳಗೆ ಹೋದವನು ಹತ್ತು ನಿಮಿಷ ಹೊರಬರಲಿಲ್ಲ. ಅಮ್ಮನ ಕ್ಷೀಣ ದನಿ, ನಡುವೆ ಅವನ ಬಿಕ್ಕು ಕೇಳಿಸಿತು. ನೀರಿನ ಬಾಟಲಿ ತಂದ ಗಂಡ, “ವಿಮಾನ ಇಷ್ಟು ಬೇಗ ಬರುತ್ತಾ?” ಎಂದು ಕೇಳಿದ. ಅವಳು ಬಾಟಲಿ ತೆಗೆದುಕೊಂಡು, “ಹೊರಗೆ ಬರ್ಲಿ, ಅವನೇ ಹೇಳ್ತಾನೆ,” ಎಂದಳು.