ನಿಂಬೆ ಎಲೆ ಮುದುಡಿದರೆ ಯಾರನ್ನು ದೂರಬೇಕು?

"ಯಾರ ಕಣ್ಣು ಬಿತ್ತೋ ನಿನ್ ಮೇಲೆ?"

ಕೇಳಿದವರು ಸುಧಾಮಣಿ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಇಟ್ಟಮಡುವಿನ ಅವರ ಮನೆ ಮುಂದೆ, ಕಾಂಪೌಂಡಿಗೂ ಮೆಟ್ಟಿಲಿಗೂ ನಡುವಿನ ಮೂರಡಿ ಮಣ್ಣಿನಲ್ಲಿ ಒಂದು ನಿಂಬೆಗಿಡ. ಎಂಟು ವರ್ಷದಿಂದ ಶುಕ್ರವಾರದ ರಾಹುಕಾಲಕ್ಕೆ ಬನಶಂಕರಿ ಅಮ್ಮನ ಗುಡಿಯಲ್ಲಿ ಅವರು ಹಚ್ಚುವ ದೀಪ ಈ ಗಿಡದ ಹಣ್ಣಿನದೇ. ಹಣ್ಣು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆ ಮಗುಚಿ, ತುಪ್ಪದ ಬತ್ತಿ ಇಡುವುದು ಅವರ ವ್ರತ. ಅಂಗಡಿಯ ಹಣ್ಣು ಒಂದು ಸಲವೂ ಮುಟ್ಟಿದವರಲ್ಲ. ಈಗ ನೋಡಿದರೆ ಚಿಗುರೆಲ್ಲ ಮುದುಡಿ ಸುರುಳಿಯಾಗಿತ್ತು.

ಪ್ರಶ್ನೆ ಕೇಳಿದ ಬಾಯಿಗೆ ಉತ್ತರವೂ ಹೊಳೆಯಿತು. ಗಿಡ ಮೈತುಂಬ ಹೂ ಬಿಟ್ಟಾಗ ಮಹಡಿ ಮನೆಯ ಬಾಡಿಗೆಯವಳು ರೇಣವ್ವ ಮೆಟ್ಟಿಲ ಮೇಲೆ ನಿಂತು, "ಎಷ್ಟ್ ಚಂದ ಹೂ ಬಿಟ್ಟೈತ್ರಿ ಅಮ್ಮಾರ!" ಎಂದಿದ್ದಳು. ರೇಣವ್ವ ಇಂಡಿ ಕಡೆಯವಳು. ಬಿಟಿಎಂನ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಕೆಲಸ.

ಚಿಗುರು ಮುದುಡಿದ್ದು ಕಂಡ ಸಂಜೆಯೇ ಸುಧಾಮಣಿ ಒಂದು ಹಿಡಿ ಕಲ್ಲುಪ್ಪು, ಒಣಮೆಣಸಿನಕಾಯಿ, ಅರಿಶಿನ ಸುಣ್ಣ ಕಲಸಿದ ಕೆಂಪು ನೀರು, ಎಲ್ಲವನ್ನೂ ಚೆಂಬಿಗೆ ಹಾಕಿ ಗಿಡಕ್ಕೆ ಮೂರು ಸುತ್ತು ನಿವಾಳಿಸಿದರು. ಆ ನೀರನ್ನು ಮೂರುದಾರಿ ಕೂಡುವಲ್ಲಿ ಚೆಲ್ಲಬೇಕು. ಅಲ್ಲೀಗ ಸಾಲಾಗಿ ಕಾರು ನಿಂತಿರುತ್ತವೆ, ಒಂದು ಹನಿ ಸಿಡಿದರೂ ಜಗಳ. ಹಾಗಾಗಿ ಗಿಡದ ಬುಡಕ್ಕೇ ಸುರಿದರು.

ಕೆಲಸ ಮುಗಿಸಿ ಬಂದ ರೇಣವ್ವ ಅದನ್ನು ನೋಡಿದಳು.

"ಅಮ್ಮಾರ, ಇದಕ ದೃಷ್ಟಿ ಆಗಿಲ್ರಿ. ಹುಳಾ ಬಿದ್ದೈತಿ. ಎಲಿ ತಿರುವಿ ನೋಡ್ರಿ, ರಂಗೋಲಿ ಎಳದಂಗ ಬಿಳಿ ಗೆರಿ ಅದಾವು. ನಮ್ಮಪ್ಪಂದು ನಿಂಬಿ ತ್ವಾಟ ಐತ್ರಿ. ಬುಡಕ್ಕ ಉಪ್ಪು ಹಾಕಬ್ಯಾಡ್ರಿ, ಬೇವಿನೆಣ್ಣಿ..."

"ಹೂ ನೋಡಿ ಹೊಗಳಿದೋಳು ನೀನೇ, ಈಗ ಔಷಧಿ ಹೇಳೋಳೂ ನೀನೇನಾ? ಗಿಡದ ಹತ್ರ ಬರ್ಬೇಡ ಹೋಗಮ್ಮ!"

ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಸೊಪ್ಪಿನ ಗಾಡಿಯ ಹತ್ತಿರ, ಹಾಲಿನ ಬೂತಿನ ಹತ್ತಿರ, "ಮೇಲಿನ ಮನೆಯೋಳ ಕಣ್ಣು ಸರಿಯಿಲ್ಲ ಕಣ್ರೀ" ಎಂದು ಸುಧಾಮಣಿ ಹೇಳಿಕೊಂಡು ಬಂದರು. ಒಂದು ದಿನ ಎದುರು ಮನೆಯ ನಾಮಕರಣಕ್ಕೆ ರೇಣವ್ವ ಬಟ್ಟಲು ತುಂಬ ಸಕ್ಕರೆ ತೆಗೆದುಕೊಂಡು ಹೋದಳು. ಅವಳು ತೊಟ್ಟಿಲ ಹತ್ತಿರ ಬರುತ್ತಿದ್ದಂತೆ ಬಾಣಂತಿ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ಸುಧಾಮಣಿ ಪಕ್ಕದಲ್ಲೇ ಕೂತಿದ್ದರು.

ಆ ತಿಂಗಳೇ ರೇಣವ್ವ ಮನೆ ಖಾಲಿ ಮಾಡಿದಳು.

ಕಣ್ಣು ಹೋಯಿತು, ಕಾಯಿಲೆ ಹೋಗಲಿಲ್ಲ. ಮಂಗಳವಾರ, ಶುಕ್ರವಾರ ತಪ್ಪದೆ ನಿವಾಳಿಸಿದರೂ ಹೊಸ ಎಲೆ ಹಳದಿಯಾಯಿತು, ಅಂಚು ಕಂದಿ ಸುಟ್ಟಿತು, ಮಿಡಿ ಉದುರಿತು. ಕೊನೆಗೆ ಸುಧಾಮಣಿ ಒಂದು ರೆಂಬೆ ಮುರಿದುಕೊಂಡು ಕೋಣನಕುಂಟೆಯ ನರ್ಸರಿಗೆ ಹೋದರು. ನರ್ಸರಿಯ ಚಿಕ್ಕಬೈರಪ್ಪ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದ.

"ಹಳೇ ಎಲೆ ಮೊದ್ಲು ಹಳದಿ ಆಗಿದ್ರೆ ಗೊಬ್ಬರ ಸಾಲ್ತಿಲ್ಲ ಅಂತಿದ್ದೆ. ಇಲ್ಲಿ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಕಬ್ಬಿಣದಂಶ ಸಿಗ್ತಿಲ್ಲ ಇದಕ್ಕೆ. ಅಂಚು ಸುಟ್ಟಿರೋದು ಉಪ್ಪಿಗೆ. ಬುಡಕ್ಕೆ ಏನ್ ಹಾಕ್ತೀರಮ್ಮ?"

"ನೀರು."

"ಬರೀ ನೀರಾ?"

ಸುಧಾಮಣಿ ಸಣ್ಣ ದನಿಯಲ್ಲಿ ಎಲ್ಲ ಹೇಳಿದರು.

"ಅಯ್ಯೋ! ಉಪ್ಪಿನಕಾಯಿ ಹಾಕೋದು ಹಣ್ಣಿಂದು ಅಮ್ಮ, ಗಿಡದ್ದಲ್ಲ! ಸುಣ್ಣ ಬಿದ್ದ ಮಣ್ಣಲ್ಲಿ ಕಬ್ಬಿಣ ಇದ್ರೂ ಬೇರಿಗೆ ದಕ್ಕಲ್ಲ. ಮೇಲಿನ ಎರಡಿಂಚು ಮಣ್ಣು ನಿಧಾನಕ್ಕೆ ಕೆರೆದು ತೆಗೀರಿ, ಬೇರು ಕೀಳ್ಬೇಡಿ. ನೀರು ಚೆನ್ನಾಗಿ ಹಾಯಿಸಿ, ಉಪ್ಪು ಕೆಳಗಿಳೀಲಿ. ಆಮೇಲೆ ಕೊಳೆತ ಗೊಬ್ಬರ. ಕಬ್ಬಿಣ, ಸತು ಇರೋ ಪೋಷಕಾಂಶದ ಪುಡಿ ಕೊಡ್ತೀನಿ, ಪೊಟ್ಟಣದ ಮೇಲಿರೋ ಅಳತೇಲಿ ಸಂಜೆ ಎಲೆಗೆ ಹೊಡೀರಿ."

"ಮೊದ್ಲು ಚಿಗುರು ಮುದುಡಿದ್ದು ಯಾಕಪ್ಪಾ?"

"ಅದು ರಂಗೋಲಿ ಹುಳ. ತೀರಾ ಸುರುಳಿಯಾದ ಎಲೆ ಕಿತ್ತು ಕವರಲ್ಲಿ ಕಟ್ಟಿ ಬಿಸಾಕಿ, ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ಎರಡು ಹನಿ ಸೋಪು. ಹೊಸ ಚಿಗುರಿಗೆ ಹತ್ತು ದಿನಕ್ಕೊಂದ್ಸಲ, ಹೂವಿದ್ದಾಗ ಬೇಡ. ಅಷ್ಟೇ ಇದ್ದಿದ್ದು ನೋಡಿ. ಯಾರೂ ಹೇಳ್ಲಿಲ್ವಾ ನಿಮಗೆ?"

ಹೇಳಿದ್ದಳು. ಸುಧಾಮಣಿ ಪುಡಿಯ ಪೊಟ್ಟಣ ತೆಗೆದುಕೊಂಡು ಮನೆಗೆ ಬಂದು, ಅವನು ಹೇಳಿದ್ದೆಲ್ಲ ಮಾಡಿದರು.

ಮೂರು ತಿಂಗಳಿಗೆ ಗಿಡ ಹಸಿರಾಯಿತು. ಮತ್ತಷ್ಟು ದಿನಕ್ಕೆ ಕಾಯಿ ಕಚ್ಚಿತು.

ಅಕ್ಕಂದಿರೇ, ಅಣ್ಣಂದಿರೇ, ದೀಪ ಹಚ್ಚಿ, ಆರತಿ ಎತ್ತಿ. ಬೇಡವೆನ್ನಲು ನಾವು ಯಾರು? ಆದರೆ ಉಪ್ಪು ಸುಣ್ಣದ ನೀರನ್ನು ಗಿಡದ ಬುಡಕ್ಕೆ ಸುರಿಯಬೇಡಿ. ಎಲೆ ಮುದುಡಿದರೆ ಮೊದಲು ಎಲೆಯನ್ನು ತಿರುವಿ ನೋಡಿ. ಹಳದಿಯಾಗಿದ್ದು ಹಳೆಯದೋ ಹೊಸದೋ ನೋಡಿ. ತಿಳಿಯದಿದ್ದರೆ ಒಂದು ರೆಂಬೆ ಹಿಡಿದು ತಿಳಿದವರ ಹತ್ತಿರ ಹೋಗಿ. ಪಕ್ಕದ ಮನೆಯವರ ಕಣ್ಣನ್ನು ದೂರಬೇಡಿ. ಗಿಡಕ್ಕೆ ಔಷಧಿ ನರ್ಸರಿಯಲ್ಲಿ ಸಿಗುತ್ತದೆ. ಆಡಿದ ಮಾತಿಗೆ ಎಲ್ಲಿ ಸಿಗುತ್ತದೆ?

ಮೊದಲ ಹಣ್ಣುಗಳನ್ನು ಸುಧಾಮಣಿ ಗುಡಿಗೆ ಒಯ್ಯಲಿಲ್ಲ. ಎಲೆ ಸಮೇತ ಕಿತ್ತು, ಚೀಲದಲ್ಲಿಟ್ಟುಕೊಂಡು, ಸುದ್ದಗುಂಟೆಪಾಳ್ಯದಲ್ಲಿ ರೇಣವ್ವನ ಹೊಸ ಬಾಡಿಗೆ ಮನೆ ಹುಡುಕಿಕೊಂಡು ಹೋದರು.

"ತಪ್ಪಾಯ್ತು ರೇಣವ್ವ. ಬೀದೀಲಿ ಎಲ್ಲರಿಗೂ ಹೇಳಿದೀನಿ, ತಪ್ಪು ನಂದೇ ಅಂತ. ಶುಕ್ರವಾರ ಮನೆಗೆ ಬಾಮ್ಮ. ಒಂದ್ಸಲ ಗಿಡ ನೋಡಿ, ಕುಂಕುಮ ತಗೊಂಡ್ ಹೋಗು."

ರೇಣವ್ವ ಒಂದು ಹಣ್ಣು ತೆಗೆದು, ಅದರ ತೊಟ್ಟಿನ ಎಲೆಯನ್ನು ತಿರುವಿ ನೋಡಿದಳು.

"ಎಲಿ ಛಲೋ ಆಗೈತ್ರಿ" ಎಂದಳು. ಹಣ್ಣನ್ನು ಮತ್ತೆ ಚೀಲಕ್ಕೆ ಹಾಕಿದಳು. "ಸೆರಗು ಮುಚ್ಚಿದ ಆ ಕೂಸಿನ ಮಾರಿ ನಾ ಇನ್ನೂ ನೋಡಿಲ್ರಿ ಅಮ್ಮಾರ."

"ಬರ್ತೀಯಾ ಅಲ್ವಾ?"

ಅವಳು ಚೀಲವನ್ನು ಸುಧಾಮಣಿಯವರ ಕೈಗೇ ಕೊಟ್ಟಳು.

"ಒಲ್ಲೆ."