ಎರಡು ರಿಂಗು, ಒಂದೇ ತಲೆ

ನಮ್ಮ ಬೀದಿಯಲ್ಲಿ ತಲೆನೋವನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಬಿಸಿಲು ಜಾಸ್ತಿಯಾಯಿತು, ನಿದ್ದೆ ಕೆಟ್ಟಿತು, ಯಾರದೋ ಕಣ್ಣು ಬಿತ್ತು ಎನ್ನುತ್ತೇವೆ. ಒಂದು ಮಾತ್ರೆ ನುಂಗಿ ಕೆಲಸಕ್ಕೆ ಹೊರಡುತ್ತೇವೆ. ಹೊಡೆದಾಟವೇ ಕಸುಬಾದ ಹುಡುಗನಿಗೆ ತಲೆ ನೋಯುತ್ತದೆ ಎಂದರಂತೂ, ಮೀನು ಮಾರುವವಳ ಕೈ ಮೀನು ನಾರುತ್ತದೆ ಎಂದಷ್ಟೇ ಸಹಜ. ನಮ್ಮ ಫರ್ಗಿಲ್‌ನ ವಿಷಯದಲ್ಲೂ ನಾವು ಹಾಗೇ ಅಂದುಕೊಂಡೆವು.

ಫರ್ಗಿಲ್ ನನ್ನ ದೊಡ್ಡಮ್ಮನ ಮಗ. ನಮ್ಮ ರಾಜಧಾನಿ ಪಾರಾಮರಿಬೊದ ಕಾಲುವೆ ದಂಡೆಯ ಈ ಮರದ ಮನೆಯಲ್ಲಿ ನಾನು ಅಜ್ಜಿಯ ಕೈಯಲ್ಲೇ ಬೆಳೆದವಳು, ಈಗ ಅವನೂ ಇಲ್ಲೇ ಇರುತ್ತಾನೆ. ಅಜ್ಜಿಯನ್ನು ಬೀದಿಯವರೆಲ್ಲ ಓಮಾ ಎಂದೇ ಕರೆಯುತ್ತಾರೆ. ಓಮಾ ಹೇಳುವ ಕಥೆಗಳಲ್ಲಿ ನದಿಯ ತಳದಲ್ಲಿ ಮಲಗಿದ ದೈತ್ಯನೊಬ್ಬನಿದ್ದ. ಮರದ ದಿಮ್ಮಿ ತಲೆಯ ಮೇಲೆ ಬಿದ್ದರೂ ಸೊಳ್ಳೆ ಕೂತಿತೇನೋ ಎಂದು ಕೆರೆದುಕೊಳ್ಳುತ್ತಿದ್ದ. ಫರ್ಗಿಲ್ ಅವನ ಮೊಮ್ಮಗನೇ ಇರಬೇಕು ಎಂದು ನಾನು ಸಣ್ಣವಳಿದ್ದಾಗ ನಂಬಿದ್ದೆ.

ನಂಬಲು ಕಾರಣವಿತ್ತು. ದೊಡ್ಡಮ್ಮ ನದಿಯಾಚೆಯ ದೇಶಕ್ಕೆ ಮನೆಗೆಲಸಕ್ಕೆ ಹೋದ ಮೇಲೆ ಅವನು ಅಪ್ಪನ ಕೈಗೆ ಸಿಕ್ಕ. ಆ ಮನುಷ್ಯ ಕುಡಿದಾಗಲೂ ಹೊಡೆಯುತ್ತಿದ್ದ, ಕುಡಿಯದಿದ್ದಾಗಲೂ ಹೊಡೆಯುತ್ತಿದ್ದ. ಬೆರಳ ಗೆಣ್ಣಿನಿಂದ, ಚಪ್ಪಲಿಯಿಂದ, ಸೌಟಿನಿಂದ, ಯಾವಾಗಲೂ ತಲೆಗೇ. "ಗಂಡುಹುಡುಗ, ತಲೆ ಗಟ್ಟಿ ಆಗ್ಲಿ ಬಿಡು," ಅನ್ನುತ್ತಿದ್ದ. ಹುಡುಗ ಅಳುತ್ತಿರಲಿಲ್ಲ. ಬೀದಿ ಮಕ್ಕಳು ಅವನಿಗೆ ಕಬ್ಬಿಣದ ತಲೆ ಎಂದು ಹೆಸರಿಟ್ಟರು. ಮೀಸೆ ಚಿಗುರುವ ಮೊದಲೇ ಅವನು ಮನೆ ಬಿಟ್ಟು ಓಡಿಹೋಗಿ, ಓಮು ವೆನ್ಸ್ಲಿಯ ಗರಡಿಯ ಚಾಪೆಯ ಮೇಲೆ ಮಲಗತೊಡಗಿದ. ಓಮು ಎಂದರೆ ನಮ್ಮಲ್ಲಿ ಮಾವ, ಚಿಕ್ಕಪ್ಪ, ಯಾವ ಹಿರಿಯನೂ ಆಗಬಹುದು. ಓಮು ವೆನ್ಸ್ಲಿ ಅವನನ್ನು ಓಡಿಸಲಿಲ್ಲ. ಬೆಳಿಗ್ಗೆ ಕೈಗೆ ಪೊರಕೆ ಕೊಟ್ಟ, ಸಂಜೆ ಗ್ಲೌಸ್ ಕೊಟ್ಟ.

ಮುಷ್ಟಿ ಮಾತ್ರ ಆಡಿದರೆ ಬಾಕ್ಸಿಂಗ್, ಕಾಲೂ ಸೇರಿದರೆ ಕಿಕ್‌ಬಾಕ್ಸಿಂಗ್. ಫರ್ಗಿಲ್ ಎರಡನ್ನೂ ಕಲಿತ, ಎರಡರಲ್ಲೂ ಗೆದ್ದ. ಭಿತ್ತಿಪತ್ರಗಳಲ್ಲಿ ಅವನ ಹೆಸರಿನ ಕೆಳಗೆ 'ಕಬ್ಬಿಣದ ತಲೆ' ಎಂದೇ ಅಚ್ಚಾಗುತ್ತಿತ್ತು. ಅದನ್ನು ಓದಿದಾಗೆಲ್ಲ ಓಮಾ ಹಿಗ್ಗುತ್ತಿದ್ದಳು.

ಒಂದು ಭಾನುವಾರ ಬಾಕ್ಸಿಂಗ್‌ನಲ್ಲಿ ಅವನು ಬಿದ್ದ. ಗದ್ದಕ್ಕೆ ಒಂದೇ ಏಟು. ಎಣಿಕೆ ಮುಗಿದರೂ ಎದ್ದಿರಲಿಲ್ಲ. ರಿಂಗಿನ ಪಕ್ಕದ ಡಾಕ್ಟರು ಪರೀಕ್ಷಿಸಿ, ಒಂದು ತಿಂಗಳು ರಿಂಗ್ ಹತ್ತಬಾರದು ಎಂದರು. ಓಮು ವೆನ್ಸ್ಲಿ ತಲೆಯಾಡಿಸಿ ಒಪ್ಪಿಕೊಂಡ. ಮರುದಿನ ನಮ್ಮ ಅಂಗಳದಲ್ಲಿ ಕೂತು ಕರಿದ ಬಾಳೆಹಣ್ಣನ್ನು ಕಡಲೆಕಾಯಿ ಗೊಜ್ಜಿಗೆ ಅದ್ದುತ್ತಾ ಹೇಳಿದ:

"ರಜೆ ಕೊಟ್ಟಿರೋದು ಬಾಕ್ಸಿಂಗಿಗೆ. ಮುಂದಿನ ಶನಿವಾರ ಇರೋದು ಕಿಕ್‌ಬಾಕ್ಸಿಂಗು. ಅದು ಬೇರೆ ಸಂಘ, ಬೇರೆ ಡಾಕ್ಟರು. ಅಲ್ಲಿ ಯಾರು ಕೇಳ್ತಾರೆ?"

"ಅಂದ್ರೆ ಕೈಗೆ ರಜೆ, ಕಾಲಿಗೆ ಡ್ಯೂಟಿ," ಎಂದಳು ಪಕ್ಕದ ಮನೆಯ ಮೆರ್ಲಿನ್.

ಎಲ್ಲರೂ ನಕ್ಕೆವು. ನಮ್ಮೂರಿನಲ್ಲಿ ಎಷ್ಟೋ ಹುಡುಗರು ಹೀಗೇ ಒಂದು ರಿಂಗಿನಲ್ಲಿ ಬಿದ್ದು ಇನ್ನೊಂದರಲ್ಲಿ ಏಳುತ್ತಾರೆ. ಮೇಲಾಗಿ ಆ ಶನಿವಾರ ಸಮುದ್ರದಾಚೆಯ ರಾಟರ್‌ಡಮ್‌ನಿಂದ ತಮ್ಮ ದೊಡ್ಡ ಗರಡಿಗಳಿಗೆ ಹುಡುಗರನ್ನು ಆರಿಸುವವರು ಬರುವವರಿದ್ದರು. ಅಲ್ಲಿಗೆ ಹೋಗುವುದು ಫರ್ಗಿಲ್‌ನ ಜೀವಮಾನದ ಆಸೆ.

ಶನಿವಾರಕ್ಕೆ ಇನ್ನು ಎರಡೇ ದಿನ ಎನ್ನುವಾಗ ಓಮಾ ಓಮು ವೆನ್ಸ್ಲಿ, ಮೆರ್ಲಿನ್ ಇಬ್ಬರ ಕೈಯಲ್ಲೂ ಅಂಗಳಕ್ಕೆ ದೊಡ್ಡ ತೊಟ್ಟಿ ಎಳೆಸಿದಳು. ಸೊಪ್ಪು ಕಿವುಚಿದ ನೀರು, ಮೇಲೆ ಹೂವಿನ ಎಸಳು, ಬೀದಿಯ ತುದಿಯವರೆಗೂ ಘಮ. ಬಿದ್ದು ಬಂದವನಿಗೆ, ಕೆಟ್ಟ ಸುದ್ದಿ ಕೇಳಿದವನಿಗೆ ಇಂಥ ಸ್ನಾನ ಮಾಡಿಸುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ.

ಅಷ್ಟರಲ್ಲಿ ನರ್ಸ್ ಲುಸಿಯೆನ್ ಬಂದಳು. ನಮ್ಮ ಬೀದಿಯವಳೇ. ಓಮಾಳ ರಕ್ತದೊತ್ತಡ ನೋಡಲು ವಾರಕ್ಕೊಮ್ಮೆ ಬರುತ್ತಾಳೆ. ಪಟ್ಟಿ ಸುತ್ತುತ್ತಲೇ ಅವಳ ಕಣ್ಣು ಫರ್ಗಿಲ್‌ನ ಮೇಲೆ ಹೋಯಿತು. ಅವನು ನೆರಳಿನಲ್ಲಿದ್ದರೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಕೂತಿದ್ದ.

"ಬೆಳಕು ಚುಚ್ಚುತ್ತಾ ಫರ್ಗಿಲ್?"

"ಇಲ್ಲ. ನಿನ್ನ ಬಿಳಿ ಅಂಗಿ ಚುಚ್ಚುತ್ತೆ."

"ಜೋಕ್ ಆಮೇಲೆ. ತಲೆ ನೋಯುತ್ತಾ?"

"ಅವನ ತಲೆಗೆ ಏನೂ ಆಗಲ್ಲ ಮಗಳೇ," ಎಂದಳು ಓಮಾ. "ಹುಟ್ಟಿದಾಗಿಂದ ಗಟ್ಟಿ. ಸ್ನಾನ ಮಾಡಿಸಿಬಿಟ್ರೆ ಭಾನುವಾರದ್ದೆಲ್ಲ ತೊಳ್ಕೊಂಡು ಹೋಗುತ್ತೆ."

"ಸ್ನಾನ ಮಾಡಿಸಿ ಓಮಾ, ನಮ್ಮಮ್ಮನೂ ಮಾಡಿಸ್ತಾಳೆ. ಮನಸ್ಸಿಗೆ ಹಿತ ಆಗುತ್ತೆ. ಆದ್ರೆ ತಲೆ ಒಳಗೆ ಆದ ಪೆಟ್ಟಿಗೆ ನೀರು ತಲುಪಲ್ಲ." ಅವಳು ಫರ್ಗಿಲ್‌ನ ಕಡೆ ತಿರುಗಿದಳು. "ಎದ್ದೇಳು. ಕೈ ಸೊಂಟದ ಮೇಲಿಡು. ಕಣ್ಣು ಮುಚ್ಚಿ ಎಡಗಾಲ ಮೇಲೆ ನಿಂತ್ಕೊ."

ಓಮು ವೆನ್ಸ್ಲಿಗೆ ನಗು ತಡೆಯಲಾಗಲಿಲ್ಲ. "ಲುಸಿಯೆನ್, ಆ ಎಡಗಾಲ ಮೇಲೆ ನಿಂತೇ ಇವನು ಬಲಗಾಲಲ್ಲಿ ಜನರನ್ನ ಮಲಗಿಸೋದು. ಮೀನಿಗೆ ಈಜು ಬರುತ್ತಾ ಅಂತ ಕೇಳ್ತಿದೀಯಲ್ಲ."

ಫರ್ಗಿಲ್ ಎದ್ದು ನಿಂತ. ಕಣ್ಣು ಮುಚ್ಚಿದ. ಬಲಗಾಲು ಎತ್ತಿದ.

ಕಡಿದ ಮರದ ಹಾಗೆ ಪಕ್ಕಕ್ಕೆ ಬಿದ್ದ. ಬೀಳುವವರು ಕೈ ಚಾಚುತ್ತಾರೆ. ಅವನು ಚಾಚಲಿಲ್ಲ. ಸೊಂಟದ ಮೇಲಿನ ಕೈ ಸೊಂಟದ ಮೇಲೇ ಇತ್ತು. ತೊಟ್ಟಿ ಮಗುಚಿ ನೀರು, ಸೊಪ್ಪು, ಹೂವು ಅಂಗಳದ ತುಂಬ ಹರಿಯಿತು. ಮೆರ್ಲಿನ್ ನಗಲು ಬಾಯಿ ತೆರೆದವಳು ಹಾಗೇ ನಿಂತಳು.

ಲುಸಿಯೆನ್ ಅವನ ಪಕ್ಕ ನೆಲದ ಮೇಲೇ ಕೂತಳು. "ಈಗ ನಿಜ ಹೇಳು."

ಅವನು ಹೇಳಿದ. ಭಾನುವಾರ ಮನೆಗೆ ಹೇಗೆ ಬಂದೆನೆಂದು ನೆನಪಿಲ್ಲವಂತೆ. ಬೆಳಿಗ್ಗೆ ಎದ್ದ ಕೂಡಲೇ ಹಿತ್ತಲಿಗೆ ಹೋಗಿ ವಾಂತಿ ಮಾಡುತ್ತಿದ್ದನಂತೆ. ಯಾರಿಗೂ ಕೇಳಿಸಬಾರದೆಂದು ನಲ್ಲಿ ಬಿಡುತ್ತಿದ್ದನಂತೆ. ಆ ನಲ್ಲಿಯ ಸದ್ದನ್ನು ನಾನು ದಿನವೂ ಕೇಳಿದ್ದೆ.

"ಹೀಗೆ ಎಚ್ಚರ ತಪ್ಪಿದ್ದು ಇದೇ ಮೊದಲಾ?"

"ಅಲ್ಲ."

"ಮೊದಲನೇ ಸಲ ಯಾವಾಗ? ಯಾವ ರಿಂಗಲ್ಲಿ?"

"ರಿಂಗಲ್ಲಲ್ಲ. ಒಂದನೇ ಕ್ಲಾಸಲ್ಲಿದ್ದಾಗ. ಅಪ್ಪನ ಮರದ ಸೌಟು. ಮಧ್ಯಾಹ್ನ ಬಿದ್ದಿದ್ದು, ಕಣ್ಣು ಬಿಟ್ಟಾಗ ದೀಪ ಹಚ್ಚಿದ್ರು."

ಓಮಾಳ ತೋಳಿಗೆ ಸುತ್ತಿದ್ದ ಪಟ್ಟಿ ಇನ್ನೂ ಹಾಗೇ ಇತ್ತು. "ಆವತ್ತು ನಾನು ಬಂದಿದ್ದೆ," ಎಂದಳು ಮೆಲ್ಲಗೆ. "ಹುಡುಗ ನಿದ್ದೆ ಮಾಡ್ತಿದಾನೆ ಅಂದ ನಿಮ್ಮಪ್ಪ. ನಾನು ಹೊದಿಕೆ ಹೊದಿಸಿ, ಹಣೆಗೆ ಮುತ್ತು ಕೊಟ್ಟು ಹೊರಟುಬಿಟ್ಟೆ." ಹಾಗೆಂದು ತೋಳಿನ ಪಟ್ಟಿಯನ್ನು ತಾನೇ ಬಿಚ್ಚಿ ಕೆಳಗಿಟ್ಟಳು.

"ಮೊಟ್ಟೆನ ಜೋರಾಗಿ ಕುಲುಕಿದ್ರೆ ಚಿಪ್ಪು ಹಾಗೇ ಇರುತ್ತೆ," ಎಂದಳು ಲುಸಿಯೆನ್. "ಒಳಗೆ ಹಳದಿ ಕದಡಿ ಹೋಗಿರುತ್ತೆ. ತಲೆನೂ ಹಾಗೇ. ಏಟು ತಿಂದು ತಿಂದು ಯಾರ ಮಿದುಳೂ ಗಟ್ಟಿ ಆಗಲ್ಲ ಓಮಾ. ಒಂದು ಪೆಟ್ಟು ವಾಸಿ ಆಗೋ ಮೊದಲು ಇನ್ನೊಂದು ಬಿದ್ರೆ ಮಿದುಳು ಊದಿಕೊಂಡುಬಿಡಬಹುದು. ಆಸ್ಪತ್ರೆ ತಲುಪೋಷ್ಟೂ ಹೊತ್ತು ಸಿಗದೇ ಹೋಗಬಹುದು."

"ಶನಿವಾರ ಒಂದು ಕಳೀಲಿ," ಎಂದ ಫರ್ಗಿಲ್. ಕೂದಲಿಂದ ನೀರು ಇಳಿಯುತ್ತಿತ್ತು. "ರಾಟರ್‌ಡಮ್‌ನೋರು ಮತ್ತೆ ಬರ್ತಾರಾ? ನಂಗೆ ಬೇರೆ ಏನು ಬರುತ್ತೆ ಹೇಳು. ಏಟು ತಿನ್ನೋದು, ಏಟು ಕೊಡೋದು. ಏಟು ತಪ್ಪಿಸಿಕೊಂಡು ಆಡ್ತೀನಿ. ತಲೆಗೆ ಜೋರಾಗಿ ಬೀಳೋಕೆ ಬಿಡಲ್ಲ."

"ಜೋರಾಗೇ ಬೀಳಬೇಕು ಅಂತಿಲ್ಲ. ಎರಡನೇ ಏಟು ಸಣ್ಣದಾದ್ರೂ ಸಾಕು."

ಓಮು ವೆನ್ಸ್ಲಿ ತಟ್ಟನೆ ಕತ್ತೆತ್ತಿದ. "ಏನಂದೆ? ಸಣ್ಣ ಏಟಿಗೂ?"

"ಸಣ್ಣ ಏಟಿಗೂ ಓಮು."

ಅವನು ಕುರ್ಚಿಗಾಗಿ ತಡಕಾಡಿ ಕೂತ. "ಡೆನ್ಸಿಲ್," ಎಂದ.

ಯಾರು ಡೆನ್ಸಿಲ್ ಎಂದು ನಮಗೆ ಗೊತ್ತಿರಲಿಲ್ಲ. ನಾವು ಹುಟ್ಟುವ ಮೊದಲು ಓಮು ವೆನ್ಸ್ಲಿಯ ಗರಡಿಯಲ್ಲಿದ್ದ ಹುಡುಗನಂತೆ.

"ನಿಕೇರಿ ಊರಲ್ಲಿ ಕಿಕ್‌ಬಾಕ್ಸಿಂಗ್ ಪಂದ್ಯ ಇತ್ತು. ತಗುಲಿದ್ದು ಏಟೇ ಅಲ್ಲ, ಕೆನ್ನೆ ಸವರಿದ ಹಾಗೆ. ಮೂಲೆಗೆ ನಡ್ಕೊಂಡು ಬಂದ. ನೀರು ಕೇಳಿದ. ನಾನು ಬಾಟ್ಲಿ ಮುಚ್ಚಳ ತಿರುಗಿಸಿ ಕೊಡೋಷ್ಟರಲ್ಲಿ ಮುಗಿದುಹೋಗಿತ್ತು. ಎದೆ ದುರ್ಬಲ ಇತ್ತು ಅಂತ ಹೇಳ್ಕೊಂಡ್ವಿ. ಅವನ ಅಮ್ಮನಿಗೂ ಅದನ್ನೇ ಹೇಳ್ದೆ."

"ಅದಕ್ಕೂ ಮೊದಲು ಏನಾದ್ರೂ ಆಗಿತ್ತಾ?"

"ಹಿಂದಿನ ವಾರ ಬಾಕ್ಸಿಂಗಲ್ಲಿ ಬಿದ್ದಿದ್ದ. ರಜೆ ಕೊಟ್ಟಿರೋದು ಬಾಕ್ಸಿಂಗಿಗೆ ತಾನೆ ಅಂತ ನಾನೇ..." ಮಾತು ಅಲ್ಲಿಗೇ ನಿಂತಿತು. ಅದು ತಾನು ಈ ವಾರವೂ ಆಡಿದ ಮಾತೆಂದು ಅವನಿಗೆ ಆಗ ಕೇಳಿಸಿರಬೇಕು.

ಅವನು ಫೋನ್ ತೆಗೆದು ಪಂದ್ಯ ನಡೆಸುವವನಿಗೆ ಕರೆ ಮಾಡಿದ.

"ನಮ್ಮ ಹುಡುಗ ಬರಲ್ಲ. ಇಲ್ಲ, ಹೆದರಿ ಅಲ್ಲ. ತಲೆಗೆ ಪೆಟ್ಟಾಗಿದೆ. ಹೌದಪ್ಪ, ಬಾಕ್ಸಿಂಗಲ್ಲೇ ಆಗಿದ್ದು. ಅವನು ಅದೇ ತಲೆ ತಗೊಂಡು ತಾನೆ ನಿನ್ನ ರಿಂಗಿಗೂ ಬರಬೇಕು."

ಫರ್ಗಿಲ್ ಗುರುವನ್ನು ದುರುಗುಟ್ಟಿ ನೋಡಿದ. ಎದ್ದು ಹೊರಟುಹೋಗಲು ನೋಡಿದ, ಎರಡು ಹೆಜ್ಜೆಗೇ ಗೋಡೆ ಹಿಡಿದುಕೊಂಡ. ಓಮಾ ಅವನ ತೋಳಿಗೆ ತನ್ನ ತೋಳು ಸೇರಿಸಿದಳು. "ನಡಿ," ಎಂದಳು. "ನಿದ್ದೆ ಅಂದ್ರೆ ಇನ್ನು ನಾನು ನಂಬಲ್ಲ. ಡಾಕ್ಟರೇ ಹೇಳ್ಲಿ."

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ರಕ್ತ ಸೋರಿರಲಿಲ್ಲ. ಆದರೂ ಸ್ಕ್ಯಾನ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಮಿದುಳು ವಾಸಿಯಾಗಿದೆ ಎಂದಲ್ಲ ಎಂದರು ಡಾಕ್ಟರು. ವಾಂತಿ, ನೋವು, ತೂರಾಟ ಪೂರ್ತಿ ನಿಲ್ಲಬೇಕು. ಆಮೇಲೆ ನಡಿಗೆ, ಆಮೇಲೆ ಹಗುರ ವ್ಯಾಯಾಮ. ಗ್ಲೌಸ್ ತೊಡಬೇಕೋ ಬೇಡವೋ ಅನ್ನುವುದು ಕೊನೆಯ ಮಾತು, ಅದನ್ನು ತಾವೇ ಹೇಳುತ್ತೇವೆ ಎಂದರು. ಶನಿವಾರ ಸಂಜೆ ಅವನು ಕದ್ದು ಹೋದಾನೆಂದು ಓಮು ವೆನ್ಸ್ಲಿ ನಮ್ಮ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತಿದ್ದ. ಫರ್ಗಿಲ್ ಒಳಗಿನಿಂದ ಬೈಯುತ್ತಿದ್ದ. ಬೈಯಲಿ, ಬೈಯುವ ಬಾಯಿ ಇದೆಯಲ್ಲ ಎಂದಳು ಓಮಾ.

ಅವನು ಮತ್ತೆ ರಿಂಗ್ ಹತ್ತುತ್ತಾನೋ ಇಲ್ಲವೋ ನಮಗಿನ್ನೂ ಗೊತ್ತಿಲ್ಲ. ಆ ಎರಡು ಸಂಘಗಳು ಒಂದನ್ನೊಂದು ಮಾತಾಡಿಸುವುದೂ ಇಲ್ಲ. ಆದರೆ ಓಮು ವೆನ್ಸ್ಲಿಯ ಗರಡಿಯಲ್ಲಿ ಈಗ ಒಂದು ಕಡೆ ರಜೆಯಾದರೆ ಎಲ್ಲ ಕಡೆಗೂ ರಜೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹುಡುಗ ಬಾಕ್ಸಿಂಗ್ ಆಡದೆ ಇರಬಹುದು. ಕುಸ್ತಿ ಆಡುತ್ತಾನೇನೋ, ಗಾಡಿಯಿಂದ ಬಿದ್ದನೇನೋ, ನಿಮ್ಮ ಹುಡುಗಿ ಚೆಂಡಿನ ಏಟು ತಿಂದಳೇನೋ. ತಲೆಗೆ ಪೆಟ್ಟು ಬಿದ್ದ ಮೇಲೆ ಬೆಳಕು ಚುಚ್ಚಿದರೆ, ಮರೆವು ಬಂದರೆ, ನಡಿಗೆ ತೂರಾಡಿದರೆ ಆ ದಿನವೇ ಆಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಅವರು ಸರಿ ಎನ್ನುವವರೆಗೆ ಯಾವ ಆಟವೂ ಬೇಡ. ಪದೇ ಪದೇ ವಾಂತಿಯಾದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯಬೇಡಿ. ಯಾವ ಕಾರಣಕ್ಕೂ, ಯಾವ ಸಿಟ್ಟಿಗೂ ಮಗುವಿನ ತಲೆಗೆ ಕೈ ಎತ್ತಬೇಡಿ. ಏಟು ತಿಂದ ಮಗು ಹೊತ್ತಲ್ಲದ ಹೊತ್ತಿನಲ್ಲಿ ಮಲಗಿದ್ದರೆ, ಮಲಗಲಿ ಬಿಡು ಎಂದು ಬಾಗಿಲು ಮುಂದೆ ಮಾಡಿ ಬರಬೇಡಿ. ಹತ್ತಿರ ಕೂರಿ. ಹೆಸರು ಹಿಡಿದು ಕರೆಯಿರಿ. ಉತ್ತರ ಸರಿಯಾಗಿ ಬಾರದಿದ್ದರೆ ಎತ್ತಿಕೊಂಡು ಹೊರಡಿ.